ಪಾರ್ಕಲ್ಲಿ ಮೆಟಲ್ ಡಿಟೆಕ್ಟರ್ ಆಡಿಸೋಕೆ ಮುಂಚೆ: ಆ ನೆಲ ಯಾರದ್ದು ಅಂತ ಪತ್ತೆ ಮಾಡೋದು ಹೇಗೆ

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ವಾಕಿಂಗ್ ಹೋದಾಗ ನಮ್ಮ ಮನೆ ಹತ್ರದ ಪಾರ್ಕಿನ ಸಾಕರ್ ಮೈದಾನದಲ್ಲಿ ಇಪ್ಪತ್ತಾರು ಗುಂಡಿ ಎಣಿಸಿದೆ. ಹಿಂದಿನ ದಿನ ಸಂಜೆ ಇಬ್ಬರು ಹುಡುಗರು ಹೊಸ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಓಡಾಡ್ತಿದ್ದಿದ್ದು ನಾನೇ ನೋಡಿದ್ದೆ, ನಮ್ಮ ಕನ್ನಡದವರೇ, ಮಾತಾಡಿಸಿದ್ದೆ ಕೂಡ. ಕಿತ್ತ ಹುಲ್ಲಿನ ಹೆಂಟೆಗಳು ಬೇರು ಮೇಲಾಗಿ ಬಿದ್ದಿದ್ವು, ಬಿಸಿಲಿಗೆ ಆಗ್ಲೇ ಒಣಗ್ತಿದ್ವು. ಹತ್ತು ಗಂಟೆಗೆ ಮಕ್ಕಳ ಪಂದ್ಯ ಶುರುವಾಗಿ ಒಂದು ಹುಡುಗಿ ಗುಂಡಿಯೊಳಗೆ ಕಾಲಿಟ್ಟು ಪಾದ ತಿರುಚಿಕೊಂಡ್ಲು. ಮುಂದಿನ ತಿಂಗಳು ಅಲ್ಲಿ ಹೊಸ ಬೋರ್ಡ್ ಬಂತು, ಮೆಟಲ್ ಡಿಟೆಕ್ಟಿಂಗ್ ನಿಷೇಧ. ಒಂಬತ್ತು ವರ್ಷ ಒಂದು ಗುರುತೂ ಬಿಡದ ಹಾಗೆ ಅಲ್ಲಿ ಹುಡುಕ್ತಿದ್ದ ನನಗೂ ಸೇರಿ ಎಲ್ಲರಿಗೂ ಬಾಗಿಲು ಮುಚ್ತು.

ನಾನಿರೋದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಕಡೆ. ಪ್ರತಿ ವರ್ಷ ಹಿಮ ಕರಗಿದ ತಕ್ಷಣ ಪರಿಚಯದವರು ಯಾರಾದ್ರೂ ಯೂಟ್ಯೂಬ್ ನೋಡಿ ಮೆಷಿನ್ ತಗೊಂಡು ಫೋನ್ ಮಾಡ್ತಾರೆ, ಪಾರ್ಕಲ್ಲಿ ಹುಡುಕಬಹುದಾ ಅಂತ. ಅದಕ್ಕೆ ಹೌದು ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ, ಯಾವ ಪಾರ್ಕು ಅನ್ನೋದರ ಮೇಲೆ ಇರತ್ತೆ, ಮತ್ತೆ ಅದನ್ನ ಪತ್ತೆ ಮಾಡೋ ಕೆಲಸದಲ್ಲೇ ಎಲ್ಲರೂ ಎಡವೋದು, ಅದಕ್ಕೆ ಇಷ್ಟುದ್ದ ಬರೀತಿದೀನಿ.

1. ಮೆಷಿನ್

ಇನ್ನೂರರಿಂದ ಮುನ್ನೂರು ಡಾಲರ್ ಒಳಗೆ ಹೆಸರಿರೋ ಕಂಪನಿಯ ಒಂದು ಸಾಧಾರಣ ಮೆಷಿನ್ ಸಾಕು, ಗ್ಯಾರೆಟ್, ಮೈನ್‌ಲ್ಯಾಬ್, ನೊಕ್ಟಾ ಯಾವುದಾದ್ರೂ ಆಗತ್ತೆ. ಮಿಕ್ಕ ದುಡ್ಡಲ್ಲಿ ಪಿನ್‌ಪಾಯಿಂಟರ್ ತಗೊಳ್ಳಿ, ಅಂದ್ರೆ ಕೈಯಲ್ಲಿ ಹಿಡಿಯೋ ಕ್ಯಾರೆಟ್ ಗಾತ್ರದ ಚಿಕ್ಕ ಡಿಟೆಕ್ಟರ್. ಅದಿಲ್ಲದೆ ಪಾರ್ಕಿಗೆ ಹೋಗಲೇಬೇಡಿ, ವಸ್ತು ಎಲ್ಲಿದೆ ಅಂತ ಬೆರಳಷ್ಟು ನಿಖರವಾಗಿ ಗೊತ್ತಾಗದೆ ಇದ್ರೆ ಗುಂಡಿ ತಟ್ಟೆಯಷ್ಟು ಅಗಲ ಆಗತ್ತೆ. ಹೆಡ್‌ಫೋನ್ ಕಡ್ಡಾಯ, ಬೆಂಚ್ ಮೇಲೆ ಕೂತವರಿಗೆ ನಿಮ್ಮ ಕುಂಯ್ ಕುಂಯ್ ಕೇಳಿಸಬಾರದು.

ಎರಡು ಕಡ್ಡಿ ಹಿಡ್ಕೊಂಡು ನಿಂತ್ರೆ ಅರ್ಧ ಮೈಲಿ ದೂರದ ಚಿನ್ನ ತೋರಿಸತ್ತೆ ಅಂತ ಮಾರ್ತಾರಲ್ಲ, ಅದನ್ನ ಮುಟ್ಟಬೇಡಿ. ನಮ್ಮೂರ ಕಡೆನೂ ನಿಧಿ ತೋರಿಸೋ ಯಂತ್ರ ಅಂತ ಲಕ್ಷಗಟ್ಟಲೆಗೆ ಇದನ್ನೇ ಮಾರೋರಿದ್ದಾರೆ. ಕ್ವಾಡ್ರೊ ಟ್ರಾಕರ್ ಅಂತ ಇಂಥದ್ದೇ ಒಂದು ಡಬ್ಬ ಇಲ್ಲಿ ಸ್ಕೂಲುಗಳಿಗೆ ಪೊಲೀಸರಿಗೆ ಎಲ್ಲ ಮಾರಾಟ ಆಗಿತ್ತು, ಬಿಚ್ಚಿ ನೋಡಿದ್ರೆ ಒಳಗೆ ಕೆಲಸ ಮಾಡೋ ಅಂಥದ್ದು ಏನೂ ಇರ್ಲಿಲ್ಲ, 1996ರಲ್ಲಿ ಫೆಡರಲ್ ಕೋರ್ಟ್ ಅದರ ಮಾರಾಟಾನೇ ನಿಲ್ಲಿಸ್ತು.

2. ನೆಲ ಯಾರದ್ದು

ಬೆಂಗಳೂರಲ್ಲಿ ಲಾಲ್‌ಬಾಗ್ ತೋಟಗಾರಿಕೆ ಇಲಾಖೆದು, ನಿಮ್ಮ ಬೀದಿ ಕೊನೆಯ ವಾರ್ಡ್ ಪಾರ್ಕು ಪಾಲಿಕೆದು, ಎರಡಕ್ಕೂ ಪಾರ್ಕ್ ಅಂತಾನೇ ಅಂತೀವಿ ಆದ್ರೆ ರೂಲ್ಸ್ ಮಾಡೋರು ಬೇರೆ ಬೇರೆ. ಇಲ್ಲೂ ಹಾಗೇನೇ, ಇನ್ನೂ ಜಾಸ್ತಿ. ಎಡಿಸನ್ ಒಂದನ್ನೇ ತಗೊಳ್ಳಿ. ಪಪಯಾನಿ ಪಾರ್ಕ್ ಟೌನ್‌ಶಿಪ್‌ದು, ಅಂದ್ರೆ ಊರಿನ ಆಡಳಿತದ್ದು. ರೂಸ್‌ವೆಲ್ಟ್ ಪಾರ್ಕ್ ಮಿಡ್ಲ್‌ಸೆಕ್ಸ್ ಕೌಂಟಿದು, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ಕ್ರಿಸ್ಟಿ ಸ್ಟ್ರೀಟಲ್ಲಿ ಥಾಮಸ್ ಎಡಿಸನ್ ಟವರ್ ಇದೆಯಲ್ಲ, 1876ರಲ್ಲಿ ಅವರ ಲ್ಯಾಬ್ ಶುರುವಾದ ಮೆನ್ಲೊ ಪಾರ್ಕ್ ಜಾಗ, ಅದು ರಾಜ್ಯದ್ದು. ಬೇಸಿಗೆಯಲ್ಲಿ ನಾವೆಲ್ಲ ಚಿತ್ರಾನ್ನ ಮೊಸರನ್ನ ಕಟ್ಕೊಂಡು ಹೋಗೋ ಸ್ಯಾಂಡಿ ಹುಕ್ ಬೀಚ್ ಕೇಂದ್ರ ಸರ್ಕಾರದ್ದು. ಒಂದು ಗಂಟೆ ಡ್ರೈವ್ ಒಳಗೆ ನಾಲ್ಕು ಮಾಲೀಕರು, ನಾಲ್ಕು ರೂಲ್ ಬುಕ್.

ಬೋರ್ಡ್ ನೋಡಿ ನಿರ್ಧಾರ ಮಾಡಬೇಡಿ. ಬೋರ್ಡಲ್ಲಿ ನಾಯಿ, ಸಿಗರೇಟು, ಡ್ರೋನ್ ಎಲ್ಲ ಇರತ್ತೆ, ಡಿಟೆಕ್ಟರ್ ಇರಲ್ಲ, ಬೋರ್ಡಲ್ಲಿ ಇಲ್ಲ ಅಂದ್ರೆ ಮಾಡಬಹುದು ಅಂತ ಅಲ್ಲ. ಗೂಗಲ್ ಮ್ಯಾಪಲ್ಲಿ ಹಸಿರು ಬಣ್ಣ ಇದ್ರೂ ಅದು ಯಾರ ಹಸಿರು ಅಂತ ಹೇಳಲ್ಲ.

ನಾನು ಮಾಡೋದು ಹೀಗೆ. ನಮ್ಮಲ್ಲಿ ಸೈಟ್ ತಗೊಳ್ಳೋಕೆ ಮುಂಚೆ ಪಹಣಿ ತೆಗೆಸಿ ಸರ್ವೆ ನಂಬರ್ ನೋಡ್ತೀವಲ್ಲ, ಅದೇ ಕೆಲಸ. ನ್ಯೂಜೆರ್ಸಿಯಲ್ಲಿ ಪ್ರತಿ ಜಾಗಕ್ಕೂ ಬ್ಲಾಕ್ ನಂಬರ್, ಲಾಟ್ ನಂಬರ್ ಅಂತ ಇರತ್ತೆ, ಟ್ಯಾಕ್ಸ್ ಮ್ಯಾಪ್ ಯಾರು ಬೇಕಾದ್ರೂ ಆನ್‌ಲೈನ್ ನೋಡಬಹುದು, ದುಡ್ಡಿಲ್ಲ. ಪಾರ್ಕ್ ಮೇಲೆ ಕ್ಲಿಕ್ ಮಾಡಿದ್ರೆ ಮಾಲೀಕರ ಹೆಸರು ಮತ್ತೆ ಒಂದು ಕ್ಲಾಸ್ ಬರತ್ತೆ. 15ಸಿ ಅಂದ್ರೆ ಸಾರ್ವಜನಿಕ ಆಸ್ತಿ, 15ಎ ಅಂದ್ರೆ ಸರ್ಕಾರಿ ಶಾಲೆ, 15ಇ ಅಂದ್ರೆ ಸ್ಮಶಾನ. ಕ್ಲಾಸ್ ನೋಡಿ ನಿಲ್ಲಿಸಬೇಡಿ, 15ಸಿ ಟೌನ್‌ಶಿಪ್‌ಗೂ ಬರತ್ತೆ ಕೌಂಟಿಗೂ ಬರತ್ತೆ ರಾಜ್ಯಕ್ಕೂ ಬರತ್ತೆ, ಹೆಸರಿನ ಸಾಲು ಓದಿ. ಒಂದೇ ಪಾರ್ಕ್ ಅಂದ್ಕೊಂಡಿದ್ದು ಮೂರು ಲಾಟ್ ಆಗಿರಬಹುದು, ಅದಕ್ಕೆ ನೀವು ಹುಡುಕಬೇಕು ಅಂದ್ಕೊಂಡಿರೋ ಮೂಲೆ ಮೇಲೇ ಕ್ಲಿಕ್ ಮಾಡಿ, ಗೇಟ್ ಮೇಲಲ್ಲ. 15ಎ ಬಂದ್ರೆ ಪಾರ್ಕ್ ಆಫೀಸಿಗೆ ಕೇಳಿ ಪ್ರಯೋಜನ ಇಲ್ಲ, ಶಾಲಾ ಮಂಡಳಿ ಹತ್ರ ಕೇಳಬೇಕು. ಸ್ಮಶಾನ ಬಂದ್ರೆ ವಾಪಸ್ ಬನ್ನಿ.

ಈಗ ಆ ನಾಲ್ಕು ಮಾಲೀಕರಲ್ಲಿ ಕೇಂದ್ರ ಸರ್ಕಾರದ್ದು ಎಲ್ಲಕ್ಕಿಂತ ಕಟ್ಟುನಿಟ್ಟು, ಅದನ್ನ ಪೂರ್ತಿ ಹೇಳ್ಬಿಡ್ತೀನಿ. ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡ್ಕೊಳ್ಳೋ ಯಾವ ಜಾಗದಲ್ಲೂ ಡಿಟೆಕ್ಟರ್ ಬಳಸೋದು ಮಾತ್ರ ಅಲ್ಲ, ಇಟ್ಕೊಂಡಿರೋದೇ ತಪ್ಪು. ಬಿಚ್ಚಿ, ಬಳಸೋಕೆ ಆಗದ ಹಾಗೆ ಪ್ಯಾಕ್ ಮಾಡಿದ್ರೆ ಮಾತ್ರ ವಿನಾಯ್ತಿ. ಜೋಡಿಸಿದ ಮೆಷಿನ್ ಹಿಂದಿನ ಸೀಟಲ್ಲಿ ಇದ್ರೂ ಸಾಕು, ಆರು ತಿಂಗಳವರೆಗೂ ಜೈಲಿಗೆ ಅವಕಾಶ ಇರೋ ಅಪರಾಧ ಅದು. ನನ್ನ ಪರಿಚಯದ ಒಬ್ರಿಗೆ ಹೀಗೇ ಆಯ್ತು, ಬೆಳಿಗ್ಗೆ ಬೇರೆ ಕಡೆ ಹುಡುಕಿ ಮಧ್ಯಾಹ್ನ ಮಕ್ಕಳನ್ನ ಕರ್ಕೊಂಡು ಒಂದು ಫೆಡರಲ್ ಬೀಚಿಗೆ ಹೋದ್ರು, ಮೆಷಿನ್ ಕಾರಲ್ಲಿ ಕಾಣೋ ಹಾಗೆ ಹಾಗೇ ಇತ್ತು, ರೇಂಜರ್ ಬಂದು ಅರ್ಧ ಗಂಟೆ ನಿಲ್ಲಿಸಿ ವಿಚಾರಿಸಿದ್ರು.

ಇದರಲ್ಲಿ ಮೋಸ ಹೋಗೋದು ಎಲ್ಲಿ ಅಂದ್ರೆ ಫೆಡರಲ್ ಜಾಗ, ಅಂದ್ರೆ ಕೇಂದ್ರ ಸರ್ಕಾರದ ಜಾಗ, ಯಾವಾಗ್ಲೂ ಯೆಲ್ಲೊಸ್ಟೋನ್ ಅನ್ನೋ ದೊಡ್ಡ ನ್ಯಾಷನಲ್ ಪಾರ್ಕ್ ಥರ ಕಾಣಲ್ಲ. ಸ್ಯಾಂಡಿ ಹುಕ್ 1972ರಲ್ಲಿ ಆದ ಗೇಟ್‌ವೇ ನ್ಯಾಷನಲ್ ರಿಕ್ರಿಯೇಷನ್ ಏರಿಯಾದ ಭಾಗ, ಅದನ್ನ ನೋಡ್ಕೊಳ್ಳೋದು ನ್ಯಾಷನಲ್ ಪಾರ್ಕ್ ಸರ್ವಿಸೇ. ಅದರ ದಕ್ಷಿಣಕ್ಕೆ ಅಂಟಿಕೊಂಡಿರೋದು ಸೀ ಬ್ರೈಟ್ ಅನ್ನೋ ಊರು, ಅಲ್ಲಿಂದ ರೂಲ್ಸೇ ಬೇರೆ. ಮರಳು ಒಂದೇ, ಸಮುದ್ರ ಒಂದೇ, ಕಿವೀಲಿ ಹೆಡ್‌ಫೋನ್ ಹಾಕ್ಕೊಂಡು ತಲೆ ಬಗ್ಗಿಸಿ ನಡೀತಾ ಹೋದ್ರೆ ಗಡಿ ದಾಟಿದ್ದು ಗೊತ್ತೇ ಆಗಲ್ಲ. ನ್ಯೂಯಾರ್ಕ್ ಕಡೆನೂ ಹಾಗೇ, ಕೋನಿ ಐಲ್ಯಾಂಡ್ ಬೀಚ್ ಸಿಟಿದು, ಜೇಕಬ್ ರೀಸ್ ಬೀಚ್ ಗೇಟ್‌ವೇದು. ಸಿಟಿ ಪಾರ್ಕುಗಳಿಗೆ ಪರ್ಮಿಟ್ ಬೇಕು, ಆ ಪರ್ಮಿಟ್ ತೋರಿಸಿ ರೀಸ್‌ಗೆ ಹೋದ್ರೆ ಅದಕ್ಕೆ ಅಲ್ಲಿ ಬೆಲೆ ಇಲ್ಲ.

ಇದರ ಮೇಲೆ 1979ರ ಪುರಾತತ್ವ ಸಂಪನ್ಮೂಲ ರಕ್ಷಣೆ ಕಾನೂನು ಬೇರೆ ಇದೆ. ಫೆಡರಲ್ ನೆಲದಲ್ಲಿ ನೂರು ವರ್ಷಕ್ಕಿಂತ ಹಳೇ ಪುರಾತತ್ವ ವಸ್ತು ಅನುಮತಿ ಇಲ್ಲದೆ ಅಗೆದು ತೆಗೆದ್ರೆ ಮೊದಲ ಸಲಕ್ಕೇ ಹತ್ತು ಸಾವಿರ ಡಾಲರ್ ದಂಡ, ಒಂದು ವರ್ಷ ಜೈಲು, ಎರಡೂ ಆಗಬಹುದು. ವಸ್ತುವಿನ ಬೆಲೆ ಮತ್ತೆ ಜಾಗ ಸರಿ ಮಾಡೋ ಖರ್ಚು ಸೇರಿ ಐನೂರು ಡಾಲರ್ ದಾಟಿದ್ರೆ ಇಪ್ಪತ್ತು ಸಾವಿರ, ಎರಡು ವರ್ಷ. ಐನೂರು ದಾಟೋದು ಏನೂ ಕಷ್ಟ ಅಲ್ಲ, ಬರೀ ಗುಂಡಿ ಮುಚ್ಚಿ ಹುಲ್ಲು ಹಾಕೋ ಖರ್ಚೇ ಅಷ್ಟಾಗತ್ತೆ.

ಫೆಡರಲ್ ಅಂದ ತಕ್ಷಣ ಎಲ್ಲಾ ಬಂದ್ ಅಂತಾನೂ ಅಲ್ಲ. ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಕಟ್ಟಿದ ಅಣೆಕಟ್ಟುಗಳ ಪಕ್ಕದ ಬೀಚುಗಳು, ಈಗಾಗಲೇ ಅಗೆದು ಕಲಕಿರೋ ಜಾಗಗಳು, ಇಲ್ಲೆಲ್ಲ ಸ್ಥಳೀಯವಾಗಿ ನಿಷೇಧ ಇಲ್ಲದಿದ್ರೆ ಡಿಟೆಕ್ಟರ್ ಬಳಸಬಹುದು ಅಂತ ಅವರ ನಿಯಮದಲ್ಲೇ ಇದೆ. ಮ್ಯಾನೇಜರ್ ಆಫೀಸಲ್ಲಿ ಯಾವ ಜಾಗ ಅಂತ ಕೇಳ್ಕೊಂಡು ಹೋಗಿ.

3. ರೂಲ್ಸ್ ಓದೋದು

ಮಾಲೀಕರು ಗೊತ್ತಾದ ಮೇಲೆ ಅವರ ಆರ್ಡಿನೆನ್ಸ್, ಅಂದ್ರೆ ಆ ಸ್ಥಳೀಯ ಆಡಳಿತ ಮಾಡಿರೋ ಕಾನೂನು, ತೆಗೀರಿ. ನ್ಯೂಜೆರ್ಸಿಯ ತುಂಬಾ ಊರುಗಳದ್ದು ಇಕೋಡ್ 360 ಅನ್ನೋ ಸೈಟಲ್ಲಿ ಇದೆ, ಸಿಗದಿದ್ರೆ ಮುನಿಸಿಪಲ್ ಕ್ಲರ್ಕ್ ಆಫೀಸಿಗೆ ಫೋನ್ ಮಾಡಿ. ಪಾರ್ಕ್ಸ್ ಅನ್ನೋ ಅಧ್ಯಾಯ ಪೂರ್ತಿ ಓದಿ, ನಾಲ್ಕೈದು ಪುಟ ಇರತ್ತೆ ಅಷ್ಟೆ.

ಎಲ್ಲರೂ ಮಾಡೋ ತಪ್ಪು ಏನಂದ್ರೆ 'ಮೆಟಲ್ ಡಿಟೆಕ್ಟರ್' ಅಂತ ಸರ್ಚ್ ಕೊಡ್ತಾರೆ, ಏನೂ ಬರಲ್ಲ, ಸರಿ ನಿಷೇಧ ಇಲ್ಲ ಅಂತ ಸಲಿಕೆ ತಗೊಂಡು ಹೊರಡ್ತಾರೆ. ಮೇಲೆ ಹೇಳಿದ ಹುಡುಗರೂ ನನಗೆ ಇದೇ ಹೇಳಿದ್ರು, ಎಲ್ಲೂ ಬರ್ದಿಲ್ಲ ಸರ್ ನೋಡಿದೀವಿ ಅಂತ. ಬರ್ದಿತ್ತು, ಬೇರೆ ಪದದಲ್ಲಿ ಬರ್ದಿತ್ತು. ಈ ಆರ್ಡಿನೆನ್ಸ್‌ಗಳಲ್ಲಿ ತುಂಬಾ ಹಳೇವು ಇವೆ, ಯಾರ ಮನೇಲೂ ಡಿಟೆಕ್ಟರ್ ಇಲ್ಲದ ಕಾಲದಲ್ಲಿ ಬರೆದವು, ಹಾಗಾಗಿ ಮೆಷಿನ್ ಹೆಸರು ಇರಲ್ಲ, ಕೆಲಸದ ಹೆಸರು ಇರತ್ತೆ. ನೀವು ಹುಡುಕಬೇಕಾದ ಪದಗಳು ಡಿಗ್, ಎಕ್ಸ್‌ಕವೇಟ್, ಟರ್ಫ್, ಸಾಡ್, ಸಾಯಿಲ್, ರಿಮೂವ್, ಡಿಸ್ಟರ್ಬ್, ಟೂಲ್. ಅದರಲ್ಲೂ ಟರ್ಫ್ ಅನ್ನೋದನ್ನ ಮರೀಬೇಡಿ, ಟರ್ಫ್ ಸಾಡ್ ಎರಡೂ ಅಂದ್ರೆ ಬೇರು ಮಣ್ಣು ಸಮೇತ ಇರೋ ಹುಲ್ಲಿನ ಪದರ. ಹುಲ್ಲು ಮಣ್ಣು ಕಲ್ಲು ಮರ ಯಾವುದನ್ನೂ ಅಗೆಯೋ ಹಾಗಿಲ್ಲ ಕೀಳೋ ಹಾಗಿಲ್ಲ ತೆಗೆಯೋ ಹಾಗಿಲ್ಲ ಅಂತ ಒಂದೇ ಉದ್ದ ವಾಕ್ಯ ಇರತ್ತೆ, ಕಣ್ಣು ಜಾರಿ ಮುಂದೆ ಹೋಗ್ಬಿಡತ್ತೆ.

ಆ ವಾಕ್ಯ ಸಿಕ್ತು ಅಂದ್ರೆ ಅರ್ಥ ಏನು ಅಂದ್ರೆ ನೀವು ಮೆಷಿನ್ ಆಡಿಸಬಹುದು, ಮೇಲೆ ಬಿದ್ದಿರೋ ನಾಣ್ಯ ಹೆಕ್ಕಬಹುದು, ಆದ್ರೆ ಸ್ಕ್ರೂಡ್ರೈವರ್ ತುದಿ ಮಣ್ಣಿಗೆ ಇಳಿಸಿದ ಕ್ಷಣ ನಿಯಮ ಮುರಿದ ಹಾಗೆ. ಎರಡಿಂಚು ಅಷ್ಟೇ ಅಲ್ವಾ ಅನ್ನೋ ವಾದ ನಡೆಯಲ್ಲ. ಕೆಲವು ಕಡೆ ಆಟದ ಜಾಗದಲ್ಲಿ ಉಯ್ಯಾಲೆ ಕೆಳಗೆ ಮರದ ಚಕ್ಕೆ ಹಾಕಿರ್ತಾರೆ, ಅಲ್ಲಿ ಹುಲ್ಲೂ ಇಲ್ಲ ಮಣ್ಣೂ ಇಲ್ಲ, ಕೈಯಲ್ಲಿ ಕೆದಕಿದ್ರೆ ಬಳೆ ಚೈನು ಎಲ್ಲ ಸಿಗತ್ತೆ, ಅದನ್ನೂ ಕೇಳ್ಕೊಂಡೇ ಮಾಡಿ, ಮತ್ತೆ ಒಂದು ಮಗು ಆಡ್ತಿದ್ರೂ ಅಲ್ಲಿಗೆ ಹೋಗಬೇಡಿ, ಬೆಳಿಗ್ಗೆ ಆರೂವರೆಗೆ ಹೋಗಿ.

ಇನ್ನು ಟೌನ್ ಅಗೆಯೋಕೆ ಬಿಟ್ರೂ ನಾನು ಕಾಲಿಡದ ಜಾಗಗಳಿವೆ. ಎಡಿಸನ್‌ನ ಓಕ್ ಟ್ರೀ ಪಾಂಡ್ ಗೊತ್ತಲ್ಲ, ನಮ್ಮ ಅಂಗಡಿಗಳ ಬೀದಿಯ ಹೆಸರೇ ಇರೋ ಜಾಗ, ಅಲ್ಲಿ 1777ರ ಜೂನ್ 26ಕ್ಕೆ ಬ್ರಿಟಿಷರಿಗೂ ವಾಷಿಂಗ್ಟನ್ ಸೈನ್ಯಕ್ಕೂ ಕಾಳಗ ನಡೆದಿತ್ತು, ಶಾರ್ಟ್ ಹಿಲ್ಸ್ ಯುದ್ಧ ಅಂತಾರೆ. ಇಂಥ ಕಡೆ ಮಣ್ಣಲ್ಲಿರೋ ಒಂದು ಸೀಸದ ಬುಲೆಟ್‌ಗೆ ಬೆಲೆ ಇರೋದು ಅದು ಬಿದ್ದ ಜಾಗದಿಂದ, ಸಾಲಾಗಿ ಬಿದ್ದ ಗುಂಡುಗಳಿಂದಲೇ ಸೈನಿಕರು ಎಲ್ಲಿ ನಿಂತಿದ್ರು ಅಂತ ಹೇಳ್ತಾರೆ, ನೀವು ಒಂದನ್ನ ಜೇಬಿಗೆ ಹಾಕ್ಕೊಂಡ್ರೆ ಆ ಸಾಲಲ್ಲಿ ಒಂದು ಅಕ್ಷರ ಅಳಿಸಿದ ಹಾಗೆ. ಅಮೆರಿಕ ಸೈನ್ಯಕ್ಕೂ ಮೂಲನಿವಾಸಿಗಳಿಗೂ ಕಾಳಗ ನಡೆದ ಮಾಂಟಾನಾ ರಾಜ್ಯದ ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮೀಲಿ 1983ರ ಬೆಂಕಿಗೆ ಹುಲ್ಲು ಸುಟ್ಟ ಮೇಲೆ 1984ರಲ್ಲಿ ಪುರಾತತ್ವದವರು ಡಿಟೆಕ್ಟರ್ ಬಲ್ಲ ಸ್ವಯಂಸೇವಕರನ್ನ ಇಟ್ಕೊಂಡೇ ಯುದ್ಧ ಹೇಗೆ ಸಾಗಿತ್ತು ಅಂತ ಹೊಸದಾಗಿ ಬರೆದ್ರು. ನ್ಯೂಜೆರ್ಸಿಯಲ್ಲಿ ಬ್ರಾವೊ ಅನ್ನೋ ಸಂಸ್ಥೆ 1778ರ ಮಾನ್‌ಮತ್ ಯುದ್ಧಭೂಮೀಲಿ ಇದೇ ಥರ ಕೆಲಸ ಮಾಡಿದೆ. ಹಳೇದು ಮುಟ್ಟಬೇಕು ಅಂತ ನಿಜವಾಗ್ಲೂ ಆಸೆ ಇದ್ರೆ ಇಂಥವರ ಜೊತೆ ಸೇರಿ, ಅದೊಂದೇ ಸರಿಯಾದ ದಾರಿ.

4. ಅನುಮತಿ

ಪಾರ್ಕಲ್ಲಿ ಹುಲ್ಲು ಕತ್ತರಿಸ್ತಿರೋ ಅಣ್ಣನ್ನ ಕೇಳಿ, ಅವರು ಹೂಂ ಅಂದ್ರು ಅಂತ ಅಗೀಬೇಡಿ. ಬಾಯಿಮಾತು ನಾಳೆ ಬೇರೆಯವರು ಬಂದು ಕೇಳಿದಾಗ ನಿಲ್ಲಲ್ಲ. ಪಾರ್ಕ್ ಡಿಪಾರ್ಟ್‌ಮೆಂಟ್‌ಗೆ ಇಮೇಲ್ ಮಾಡಿ, ಬಂದ ಉತ್ತರ ಪ್ರಿಂಟ್ ತೆಗೆದು ಕಾರಲ್ಲಿಡಿ.

ಕೇಳೋ ರೀತಿನೂ ಮುಖ್ಯ. ನಿಮ್ಮ ಪಾರ್ಕಲ್ಲಿ ಡಿಟೆಕ್ಟರ್ ಬಳಸಬಹುದಾ ಅಂತ ಒಂದೇ ಸಾಲು ಬರೆದ್ರೆ ಆ ಕಡೆ ಕೂತವರಿಗೆ ಎಲ್ಲಕ್ಕಿಂತ ಸುಲಭದ ಉತ್ತರ ಆಗಲ್ಲ ಅನ್ನೋದು, ನಾನೂ ಆ ಕುರ್ಚಿಯಲ್ಲಿದ್ರೆ ಅದೇ ಹೇಳ್ತಿದ್ದೆ. ಇಂಥ ಸೆಕ್ಷನ್ ಓದಿದೀನಿ, ಅಲ್ಲಿ ಹೀಗಿದೆ, ಅದು ಕೈ ಉಪಕರಣದಲ್ಲಿ ನಾಲ್ಕಿಂಚು ಒಳಗೆ ತೆಗೆಯೋದಕ್ಕೂ ಅನ್ವಯ ಆಗತ್ತಾ, ಆಗತ್ತೆ ಅಂದ್ರೆ ಪರ್ಮಿಟ್ ಇದ್ಯಾ, ಯಾವ ಮೂಲೆ ಬಿಡಬೇಕು, ಅಂತ ಬರೀರಿ. ಆಟದ ಮೈದಾನ ಮುಟ್ಟಲ್ಲ, ಗುಂಡಿ ಮುಚ್ಚಿ ಫೋಟೋ ಕಳಿಸ್ತೀನಿ, ಸಿಕ್ಕಿದ ಕಸ ತಗೊಂಡು ಹೋಗ್ತೀನಿ, ಹೆಸರಿರೋ ವಸ್ತು ಸಿಕ್ಕಿದ್ರೆ ತಂದು ಕೊಡ್ತೀನಿ ಅಂತ ಸೇರಿಸಿ. ಇಲ್ಲ ಅಂದ್ರೆ ಇಲ್ಲ, ಇನ್ನೊಂದು ಪಾರ್ಕ್ ನೋಡಿ, ಜಗಳಕ್ಕೆ ನಿಲ್ಲಬೇಡಿ.

5. ಅಗೆಯೋದು

ಅನುಮತಿ ಸಿಕ್ಕಿದ ಮೇಲೆ ಅದನ್ನ ಉಳಿಸೋದೂ ಕಳೆಯೋದೂ ಇಲ್ಲೇ. ಉದ್ದ ಹಿಡಿಯ ಸಲಿಕೆ ಮನೇಲೇ ಬಿಡಿ. ಒಂದು ಕಡೆ ಗರಗಸದ ಹಲ್ಲಿರೋ ಕೈ ಸಲಿಕೆ ಸಾಕು.

ಕಲ್ಲಂಗಡಿ ಹಣ್ಣು ಕೆಂಪಗಿದ್ಯಾ ಅಂತ ತೋರಿಸೋಕೆ ಅಂಗಡಿಯವನು ಚಾಕು ಓರೆಯಾಗಿ ಇಳಿಸಿ ಒಂದು ತುಂಡು ಎತ್ತಿ ತೋರಿಸಿ ವಾಪಸ್ ಕೂರಿಸ್ತಾನಲ್ಲ, ಮತ್ತೆ ಹಣ್ಣು ನೋಡಿದ್ರೆ ಬರೀ ಗೆರೆ ಕಾಣತ್ತೆ. ಅದೇ ಕೆಲಸ ಇಲ್ಲೂ, ಒಂದೇ ವ್ಯತ್ಯಾಸ ಅಂದ್ರೆ ತುಂಡನ್ನ ಪೂರ್ತಿ ಬಿಡಿಸಬಾರದು. ಕುದುರೆ ಲಾಳದ ಆಕಾರದಲ್ಲಿ ಮೂರು ಕಡೆ ಮಾತ್ರ ಕೊಯ್ದು ನಾಲ್ಕನೇ ಕಡೆ ಹುಲ್ಲಿನ ಬೇರು ಹಾಗೇ ಬಿಟ್ಟು ಬಾಗಿಲು ತೆಗೆದ ಹಾಗೆ ಮಗುಚಬೇಕು. ಪೂರ್ತಿ ಕಿತ್ತ ಹೆಂಟೆಗೆ ನೆಲದ ಹಿಡಿತ ಇರಲ್ಲ, ಹುಲ್ಲು ಕತ್ತರಿಸೋ ಮೆಷಿನ್ ಎಳ್ಕೊಂಡು ಹೋಗತ್ತೆ, ಹಕ್ಕಿ ಹುಳಕ್ಕೆ ಅಂತ ಕಿತ್ತು ಹಾಕತ್ತೆ, ಆ ಇಪ್ಪತ್ತಾರು ಗುಂಡಿ ಆಗಿದ್ದು ಹಾಗೇನೇ.

ಕೊಯ್ಯೋದು ನಾಲ್ಕಿಂಚು ಆಳ ಇರಲಿ, ತುಂಬಾ ತೆಳ್ಳಗೆ ಸೀಳಿದ್ರೆ ಬೇರು ಕತ್ತರಿಸಿ ಹುಲ್ಲು ಸಾಯತ್ತೆ, ಇದು ನೋಡೋಕೆ ಉಲ್ಟಾ ಅನ್ಸತ್ತೆ ಆದ್ರೆ ದಪ್ಪ ಹೆಂಟೆನೇ ಬದುಕೋದು. ಪಕ್ಕದಲ್ಲಿ ಒಂದು ಹಳೇ ಟವೆಲ್ ಹಾಸಿ, ಸಡಿಲ ಮಣ್ಣೆಲ್ಲ ಅದರ ಮೇಲೆ, ಹುಲ್ಲಿನ ಮೇಲೆ ಒಂದು ಚಿಟಿಕೆನೂ ಚೆಲ್ಲಬಾರದು. ಪಿನ್‌ಪಾಯಿಂಟರ್ ಮೊದಲು ಗುಂಡಿಯ ಗೋಡೆಗೆ, ಆಮೇಲೆ ತಳಕ್ಕೆ, ಆಮೇಲೆ ಮಗುಚಿದ ಹೆಂಟೆಗೆ ಹಿಡೀರಿ, ಎಷ್ಟೋ ಸಲ ವಸ್ತು ಹೆಂಟೆಯೊಳಗೇ ಇರತ್ತೆ, ಜನ ಗುಂಡಿ ಆಳ ಮಾಡ್ತಾನೇ ಇರ್ತಾರೆ. ಸಿಕ್ಕಿದ ಮೇಲೂ ಇನ್ನೊಂದು ಸಲ ನೋಡಿ, ಒಂದರ ಕೆಳಗೆ ಇನ್ನೊಂದು ಇರಬಹುದು. ಟವೆಲ್ ಎತ್ತಿ ಮಣ್ಣು ಸುರೀರಿ, ಬಾಗಿಲು ಮುಚ್ಚಿ, ಕಾಲಲ್ಲಿ ಗಟ್ಟಿಯಾಗಿ ಒತ್ತಿ, ಬಾಟಲಿಯಿಂದ ಒಂದು ಲೋಟ ನೀರು ಹಾಕಿ, ಬಗ್ಗಿದ ಹುಲ್ಲನ್ನ ಬೆರಳಲ್ಲಿ ಬಾಚಿ. ಎರಡು ಹೆಜ್ಜೆ ಹಿಂದೆ ಹೋಗಿ ನಿಂತ್ರೆ ಎಲ್ಲಿ ಅಗೆದಿದ್ದು ಅಂತ ನಿಮಗೇ ಗೊತ್ತಾಗಬಾರದು.

ಜುಲೈ ಆಗಸ್ಟ್‌ನಲ್ಲಿ ಮಳೆ ಇಲ್ಲದೆ ನೆಲ ಬಿರುಕು ಬಿಟ್ಟಿದ್ರೆ ಹುಲ್ಲಲ್ಲಿ ಅಗೀಲೇಬೇಡಿ, ಎಷ್ಟು ಚೆನ್ನಾಗಿ ಮುಚ್ಚಿದ್ರೂ ಮೂರು ದಿನಕ್ಕೆ ಕಂದು ಬಣ್ಣದ ವೃತ್ತ ಎದ್ದು ಕಾಣತ್ತೆ. ಆಗ ಬೀಚಿಗೆ ಹೋಗಿ, ಮರಳು ದಿಬ್ಬ ಮಾತ್ರ ಹತ್ತಬೇಡಿ. ಮರದ ಕೊಂಬೆ ಹರಡಿರೋ ಅಷ್ಟು ಜಾಗ ಬಿಡಿ. ನೀರಿನ ಸ್ಪ್ರಿಂಕ್ಲರ್ ಕಂಡ್ರೆ ಆ ಸಾಲೇ ಬಿಡಿ. ಕ್ರಿಕೆಟ್ ಪಿಚ್ ಸುತ್ತ ಮುತ್ತ ಅಂತೂ ಬೇಡವೇ ಬೇಡ, ಆ ಮೈದಾನ ಸಿಗೋಕೆ ನಮ್ಮ ಹುಡುಗರು ಎಷ್ಟು ಓಡಾಡಿದ್ದಾರೆ ಅಂತ ನೋಡಿದೀನಿ.

6. ಸಿಕ್ಕಿದ್ದು

ಮೊದಲ ನೂರು ಸದ್ದಲ್ಲಿ ಹೆಚ್ಚಿನವು ಸೋಡಾ ಕ್ಯಾನಿನ ಕಿವಿ. ಅದಕ್ಕೂ ಐದು ಸೆಂಟಿನ ನಿಕಲ್ ನಾಣ್ಯಕ್ಕೂ ಚಿಕ್ಕ ಚಿನ್ನದ ಉಂಗುರಕ್ಕೂ ಮೆಷಿನ್ ಹತ್ರಹತ್ರ ಒಂದೇ ನಂಬರ್ ತೋರಿಸತ್ತೆ, ಹಾಗಾಗಿ ಕಸ ತೆಗೀದೆ ಉಂಗುರ ಸಿಗಲ್ಲ. ತೆಗೆದ ಕಸ ಚೀಲಕ್ಕೆ ಹಾಕಿ, ವಾಪಸ್ ಗುಂಡಿಗೆ ಹಾಕಬೇಡಿ. 1964 ಅಥವಾ ಅದಕ್ಕಿಂತ ಹಳೇ ಡೈಮ್ (ಹತ್ತು ಸೆಂಟಿನ ನಾಣ್ಯ), ಕ್ವಾರ್ಟರ್ (ಇಪ್ಪತ್ತೈದು ಸೆಂಟಿಂದು) ಸಿಕ್ಕಿದ್ರೆ ಅದು ತೊಂಬತ್ತು ಪರ್ಸೆಂಟ್ ಬೆಳ್ಳಿ, ಉಜ್ಜಬೇಡಿ, ನೀರಲ್ಲಿ ತೊಳೆದು ಬಿಡಿ.

ಉಂಗುರ, ಸರ, ಫೋನ್ ಸಿಕ್ಕಿದ್ರೆ ನಿಮ್ಮದಾಗಲ್ಲ. ನ್ಯೂಯಾರ್ಕ್ ರಾಜ್ಯದಲ್ಲಂತೂ ಇಪ್ಪತ್ತು ಡಾಲರ್ ಮೇಲಿನ ಕಳೆದುಹೋದ ವಸ್ತು ಸಿಕ್ಕಿದ್ರೆ ಹತ್ತು ದಿನದೊಳಗೆ ಮಾಲೀಕರಿಗೆ ಅಥವಾ ಪೊಲೀಸರಿಗೆ ಕೊಡಬೇಕು ಅಂತ ಕಾನೂನಿದೆ. ಬೇರೆ ಕಡೆನೂ ನಾನು ಅದನ್ನೇ ಪಾಲಿಸೋದು, ಕೊಟ್ಟು ರಸೀದಿ ತಗೊಳ್ತೀನಿ. ಒಂದು ಸಲ ಒಳಗಡೆ ಹೆಸರು ತಾರೀಖು ಕೆತ್ತಿದ್ದ ಮದುವೆ ಉಂಗುರ ಹಾಗೇ ಕೊಟ್ಟಿದ್ದೆ, ಆರು ವಾರ ಆದ್ಮೇಲೆ ಆ ಹೆಂಗಸು ಫೋನ್ ಮಾಡಿ ಅತ್ತರು, ನನ್ನ ಬೆಳ್ಳಿ ನಾಣ್ಯ ಎಲ್ಲ ಸೇರಿದ್ರೂ ಅದಕ್ಕೆ ಸಮ ಇಲ್ಲ.

ಈ ಮೆಷಿನ್ ರಜಕ್ಕೆ ಊರಿಗೆ ತಗೊಂಡು ಹೋಗಿ ಅಜ್ಜನ ತೋಟದಲ್ಲಿ ಆಡಿಸ್ತೀನಿ ಅನ್ನೋರು ಇದ್ದಾರೆ, ದಯವಿಟ್ಟು ಬೇಡ. ಅಲ್ಲಿ ನಿಮ್ಮದೇ ಜಮೀನಾದ್ರೂ ನೆಲದಲ್ಲಿ ಸಿಕ್ಕ ನಿಧಿ ತಾನಾಗೇ ನಿಮ್ಮದಾಗಲ್ಲ, ಭಾರತದಲ್ಲಿ 1878ರಿಂದ, ಕರ್ನಾಟಕದಲ್ಲಿ ಅದರದ್ದೇ 1962ರ ನಿಧಿ ಕಾಯ್ದೆಯಿಂದ, ಸಿಕ್ಕಿದ್ದನ್ನ ಸರ್ಕಾರಕ್ಕೆ ತಿಳಿಸಲೇಬೇಕು, ಬಚ್ಚಿಟ್ರೆ ಜೈಲು. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಹಾಳು ಗುಡಿಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತು, ನಂದಿ ಉರುಳಿಸಿ ಹೋಗೋ ನಿಧಿಗಳ್ಳರನ್ನ ನೋಡಿ ನೋಡಿ ಹಳ್ಳಿ ಜನ ಬೇಸತ್ತಿದ್ದಾರೆ, ಕೈಯಲ್ಲಿ ಡಿಟೆಕ್ಟರ್ ಹಿಡಿದವನು ಅವರ ಕಣ್ಣಿಗೆ ಯಾರ ಥರ ಕಾಣ್ತಾನೆ ಅಂತ ಯೋಚನೆ ಮಾಡಿ.

7. ಒಂದು ವಾರ ಬಿಟ್ಟು

ಇದನ್ನ ಯಾರೂ ಮಾಡಲ್ಲ, ನೀವು ಮಾಡಿ. ಮೆಷಿನ್ ಮನೇಲಿಟ್ಟು ಬರೀ ಒಂದು ನೀರಿನ ಬಾಟಲಿ ತಗೊಂಡು ಅದೇ ಪಾರ್ಕಿಗೆ ಹೋಗಿ, ಅಗೆದ ಜಾಗ ಒಂದೊಂದೇ ನೋಡ್ಕೊಂಡು ಬನ್ನಿ. ಹೆಂಟೆ ಎದ್ದಿದ್ರೆ ಮತ್ತೆ ತುಳಿದು ಕೂರಿಸಿ. ಹುಲ್ಲು ಹಳದಿ ತಿರುಗಿದ್ರೆ ನೀರು ಹಾಕಿ, ಅಲ್ಲಿ ಎಷ್ಟು ಆಳ ಕೊಯ್ದಿದ್ರಿ ಅಂತ ನೆನಪು ಮಾಡ್ಕೊಳ್ಳಿ, ಮುಂದಿನ ಸಲ ಅದಕ್ಕಿಂತ ಒಂದಿಂಚು ದಪ್ಪ ಎತ್ತಿ.